ಮಾರಕ್ಕನ ರೇಡಿಯೋ ಸಾಹೇಬರು

ಈ ತಿಂಗಳ ಎರಡನೆಯ ಭಾನುವಾರ, ಸಂಜೆ ಐದು ಗಂಟೆ ಹತ್ತು ನಿಮಿಷ. ಚಿತ್ರದುರ್ಗದ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು: ನಾನು, ಮೊಮ್ಮಗಳು ಸ್ಫೂರ್ತಿ. ನನ್ನ ಹೆಂಡತಿ ಅಡುಗೆಮನೆಯಿಂದಲೇ ಮಾತಿಗೆ ಮಾತು ಸೇರಿಸುತ್ತಿದ್ದುದರಿಂದ ಅವಳದು ಅರ್ಧ ಹಾಜರಿ.

ಹೀಗೆ ಶುರು ಮಾಡಿದ್ದಕ್ಕೆ ನೀವು ನಗಬಹುದು. ಪೊಲೀಸ್ ಠಾಣೆಯಲ್ಲಿ ಮೇಜಿನ ಹಿಂದೆ ಕೂತು, ಬಂದವರು ಹೇಳಿದ್ದನ್ನೆಲ್ಲ ಬರೆದುಕೊಳ್ಳುವ ಪೇದೆಗೆ ರೈಟರ್ ಎನ್ನುತ್ತಾರೆ. ನನ್ನ ನೌಕರಿಯ ಬಹುಪಾಲು ಅದರಲ್ಲೇ ಕಳೆಯಿತು. ನಿವೃತ್ತನಾದ ಮೇಲೂ ಐದೂವರೆಗೆ ಏಳುತ್ತೇನೆ, ಆರಕ್ಕೆ ಜೋಗಿಮಟ್ಟಿ ರಸ್ತೆಯಲ್ಲಿ ನಡೆಯುತ್ತೇನೆ, ಸಂಜೆ ದಿನಚರಿ ಬರೆಯುತ್ತೇನೆ. ಏಳರ ಕಾಫಿ ಏಳೂ ಐದಕ್ಕೆ ಬಂದರೆ ಅದನ್ನೂ ಬರೆದಿಡುತ್ತೇನೆಂದು ನನ್ನ ಹೆಂಡತಿ ನೆಂಟರ ಮುಂದೆ ದೂರುತ್ತಾಳೆ. ಅದು ಪೂರ್ತಿ ಸುಳ್ಳಲ್ಲ.

ಸ್ಫೂರ್ತಿ ಟೀವಿಯಲ್ಲಿ ಪೊಲೀಸ್ ಧಾರಾವಾಹಿ ನೋಡುತ್ತಿದ್ದಳು. ಅವಳು ನೋಡುವುದೆಂದರೆ ಸೋಫಾದ ತುದಿಗೆ ಬಂದು ಕೂತು ಇನ್ಸ್‌ಪೆಕ್ಟರಿಗೆ ಬುದ್ಧಿ ಹೇಳುವುದು. "ಹಿಂದೆ ನೋಡೋ, ಬಾಗಿಲ ಹಿಂದೆ!" ಮಡಿಲಲ್ಲಿ ಬೇಯಿಸಿದ ಶೇಂಗಾದ ಬಟ್ಟಲು, ಕಳ್ಳ ಓಡಿದಷ್ಟೂ ಶೇಂಗಾ ಬೇಗ ಬೇಗ ಖಾಲಿಯಾಗುತ್ತದೆ. ಅವತ್ತಿನ ಕಂತಿನಲ್ಲಿ ಒಬ್ಬ ಅಜ್ಜಿ ಅಳುತ್ತಾ ಠಾಣೆಗೆ ಬಂದಳು, ಮಗ ಕಾಣೆಯಾಗಿದ್ದಾನೆಂದು. ಮೇಜಿನ ಹಿಂದಿದ್ದ ರೈಟರ್, ಕಿವಿಯಲ್ಲಿ ಪೆನ್ನು ಸಿಕ್ಕಿಸಿಕೊಂಡ ಡೊಳ್ಳು ಹೊಟ್ಟೆಯವನು, ಆಕಳಿಸಿ ಕೇಳಿದ: "ಅಂಗಿ ಯಾವ ಬಣ್ಣದ್ದಮ್ಮಾ?"

ಸ್ಫೂರ್ತಿಗೆ ಸಿಟ್ಟು ಬಂತು. "ಅಯ್ಯೋ, ಆ ಅಜ್ಜಿ ಅಳ್ತಾ ಇದ್ರೆ ಇವನಿಗೆ ಅಂಗಿ ಬಣ್ಣ ಬೇಕಂತೆ! ತಾತ, ನೀನೂ ಹಿಂಗೇ ಕೇಳ್ತಿದ್ಯಾ?"

"ಕೇಳ್ತಿದ್ದೆ" ಎಂದೆ.

ಅವಳು ಟೀವಿ ನಿಲ್ಲಿಸಿ ನನ್ನತ್ತ ತಿರುಗಿದಳು. ಸುಲಿಯದ ಶೇಂಗಾ ಅವಳ ಮಡಿಲಲ್ಲೇ ಉಳಿಯಿತು. ಹಾಗೆ ಉಳಿದ ಶೇಂಗಾವನ್ನು ನಾನು ಹಿಂದೊಮ್ಮೆ ಕಂಡಿದ್ದೆ. ಅದನ್ನು ಅವಳಿಗೆ ಹೇಳಿದಂತೆಯೇ ನಿಮಗೂ ಹೇಳುತ್ತೇನೆ.

ಟೀವಿ ನಮ್ಮ ಕಡೆಗೆ ಇನ್ನೂ ಕಾಲಿಟ್ಟಿರದ ಕಾಲ, ಎಪ್ಪತ್ತರ ದಶಕದ ನಡು. ನನಗೆ ಇಪ್ಪತ್ತೆರಡು. ಧರ್ಮಪುರದ ಆಚೆ, ಆಂಧ್ರದ ಗಡಿಗೆ ಹತ್ತಿರದ ಒಂದು ಸಣ್ಣ ಹೊರಠಾಣೆಗೆ ನನ್ನನ್ನು ಹಾಕಿದ್ದರು. ಒಬ್ಬರು ದಫೇದಾರರು, ಮೂವರು ಪೇದೆಗಳು, ಒಂದು ಸೈಕಲ್ಲು. ಹೊಸದುರ್ಗದಿಂದ ಹೊರಡುವಾಗ ತಾಯಿ ಕೊಟ್ಟ ಹಾಸಿಗೆಯ ಸುರುಳಿ, ಹಿರಿಯೂರಿನಲ್ಲಿ ಬಸ್ಸು ಬದಲಾಯಿಸುವಾಗ ಕೊಂಡ ಟ್ರಾನ್ಸಿಸ್ಟರ್, ಇಷ್ಟೇ ನನ್ನ ಆಸ್ತಿ. ಕುರಿಯವರ ಹಟ್ಟಿಯಲ್ಲಿ ಮಾರಕ್ಕ ಎಂಬುವಳ ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಮಾರಕ್ಕನಿಗೆ ಆಗ ನಲವತ್ತೈದಿರಬಹುದು. ಮಕ್ಕಳಿರಲಿಲ್ಲ. ಇಪ್ಪತ್ತು ಕುರಿ, ಒಂದು ನಾಯಿ, ಅಳತೆಯಿಲ್ಲದಷ್ಟು ಮಾತು.

ಗಂಡ ಇದ್ದ, ಇದ್ದ ಎನ್ನಬೇಕೋ ಬೇಡವೋ ಯಾರಿಗೂ ಗೊತ್ತಿರಲಿಲ್ಲ. ನಾನು ಹೋಗುವುದಕ್ಕೆ ಏಳು ವರ್ಷ ಮೊದಲು, ಮಂದೆ ನಿಲ್ಲಿಸಲು ಹೊಲ ಗೊತ್ತುಮಾಡಿ ಬರುತ್ತೇನೆಂದು ಗಡಿಯಾಚೆ ಹೋದವನು ಬಂದಿರಲಿಲ್ಲ. ಹಟ್ಟಿಯವರು ತಮಗೆ ತೋಚಿದಂತೆ ಕಥೆ ಮುಗಿಸಿದ್ದರು. ಅವಳ ವಾರಗಿತ್ತಿಯಂತೂ ಬಾವಿಯ ಹತ್ತಿರ ಎಲ್ಲರಿಗೂ ಕೇಳುವಂತೆ, "ಅಲ್ಲೇ ಒಬ್ಬಳನ್ನ ಕಟ್ಕಂಡು ಸಂಸಾರ ಹೂಡ್ಯಾನೆ, ಇವಳು ಇಲ್ಲಿ ದಾರಿ ಕಾಯ್ತಾಳೆ" ಎನ್ನುತ್ತಿದ್ದಳು.

ಮಾರಕ್ಕ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಹೇಳುತ್ತಿದ್ದಳು: "ಹೂಡಿದ್ರೆ ಹೂಡ್ಲಿ ಬಿಡವ್ವ. ಬದುಕಿರ್ತಾನಲ್ಲ."

ಅವಳ ಬಾಚಣಿಗೆಯ ಹಲ್ಲು ಅರ್ಧಕ್ಕರ್ಧ ಮುರಿದಿದ್ದವು. ದಿನಾ ಅದರಲ್ಲೇ ತಲೆ ಬಾಚಿ, ಸಿಕ್ಕು ಬಿಡಿಸಲಾಗದೆ ಅದನ್ನೇ ಬೈಯುತ್ತಿದ್ದಳು. ಹಿರಿಯೂರಿಗೆ ಹೋಗುವಾಗ ಒಮ್ಮೆ, "ಹೊಸದೊಂದು ತರ್ತೀನಿ ಕಣಕ್ಕ" ಎಂದೆ.

"ಬ್ಯಾಡಪ್ಪ. ತಾ ಅಂತ ಹೇಳಿ ಕಳಿಸೀನಿ, ಬರೋದೈತೆ" ಎಂದಳು. ಯಾರಿಗೆ ಹೇಳಿ ಕಳಿಸಿದ್ದಳೆಂದು ನಾನು ಕೇಳಲಿಲ್ಲ.

ಪ್ರತಿ ಭಾನುವಾರ ಮಧ್ಯಾಹ್ನ ಎರಡೂವರೆಗೆ ರೇಡಿಯೋದಲ್ಲಿ ಒಂದು ಪೊಲೀಸ್ ನಾಟಕ ಬರುತ್ತಿತ್ತು. ಅರ್ಧ ಗಂಟೆಯ ಕಂತು. ಬೂಟಿನ ಸಪ್ಪಳದಿಂದ ಶುರು, ಕೈಕೋಳದ ಸಪ್ಪಳಕ್ಕೆ ಮುಕ್ತಾಯ. ಅದು ಕುರಿಗಳನ್ನು ಹುಣಸೆಮರದ ನೆರಳಿಗೆ ತರುವ ಹೊತ್ತು. ಮಾರಕ್ಕ ಅವನ್ನು ನಾಯಿಯ ವಶಕ್ಕೆ ಬಿಟ್ಟು, ಮಡಿಲ ತುಂಬ ಶೇಂಗಾ ಹಾಕಿಕೊಂಡು ಟ್ರಾನ್ಸಿಸ್ಟರಿನ ಎದುರಿಗೇ ಕೂರುತ್ತಿದ್ದಳು. ಇನ್ಸ್‌ಪೆಕ್ಟರ್ ಮಾತಾಡಿದ ಕೂಡಲೇ ತಲೆಯ ಮೇಲೆ ಸೆರಗು ಎಳೆದುಕೊಳ್ಳುವಳು. ಏನೇ ಆಗಲಿ ದೊಡ್ಡ ಸಾಹೇಬರಲ್ಲವೇ.

"ಈ ಸಾಹೇಬ್ರು ಯಾವಾಗ ನೋಡಿದ್ರೂ ಓಡಾಡ್ತಾರೆ. ಉಣ್ಣೋದು ಯಾವಾಗ?" ಎಂದು ಅವಳಿಗೆ ಚಿಂತೆ. ಸುಳ್ಳು ಹೇಳುವ ಸಾಕ್ಷಿಗೆ, "ಲೇ, ನಿನ್ನ ನಾಲಿಗೆಗೆ ಹುಳ ಬೀಳ!" ಎಂದು ಶಾಪ. ಕಳ್ಳ ಸಿಕ್ಕಾಗ ಮೊಣಕಾಲಿಗೆ ಹೊಡೆದುಕೊಂಡು ನಗುತ್ತಿದ್ದಳು. ಆಮೇಲೆ ನನ್ನ ಕಡೆ ನೋಡಿ, "ನೀನ್ಯಾಕಪ್ಪ ಬೂಟು ಹಂಗೆ ಸಪ್ಪಳ ಮಾಡಲ್ಲ?" ಎನ್ನುವಳು. ನಿಮಗೇಕೆ ಮುಚ್ಚಿಡಲಿ, ಮಾರನೆಯ ದಿನದಿಂದ ನಾನು ಹಿಮ್ಮಡಿ ಬಡಿದು ನಡೆಯತೊಡಗಿದ್ದೆ. ದಫೇದಾರರು, "ಏನಪ್ಪ, ಕಾಲಿಗೆ ಮುಳ್ಳು ಚುಚ್ಚೈತಾ?" ಎಂದು ಕೇಳಿದ ಮೇಲೆ ಬಿಟ್ಟೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದು ಮಾಡಿದೆ. "ಆ ಸಾಹೇಬ್ರು ನಿನಗೆ ಗೊತ್ತಾ?" ಎಂದು ಅವಳು ಒಮ್ಮೆ ಕೇಳಿದಾಗ, "ಹೂಂ, ಗೊತ್ತು. ನಮ್ಮ ಇಲಾಖೆಯವರೇ" ಎಂದುಬಿಟ್ಟೆ. ಇಪ್ಪತ್ತೆರಡರ ಹುಡುಗ, ಹೊಸ ಖಾಕಿ. ಒಂದು ಸುಳ್ಳಿಗೆ ಅಷ್ಟು ಸಾಕು.

ಒಂದು ಭಾನುವಾರದ ಕಂತಿನಲ್ಲಿ ಒಬ್ಬ ಹೆಂಗಸು ತನ್ನ ತಮ್ಮ ಕಾಣೆಯಾಗಿದ್ದಾನೆಂದು ಬಂದಳು. ಇನ್ಸ್‌ಪೆಕ್ಟರ್ ಕೇಳಿದರು: ಯಾವ ಅಂಗಿ ತೊಟ್ಟಿದ್ದ? ಮೈಮೇಲೆ ಏನು ಗುರುತು? ಕೈಯಲ್ಲಿ ಏನಿತ್ತು? ಅರ್ಧ ಗಂಟೆಯೊಳಗೆ ತಮ್ಮ ಆಸ್ಪತ್ರೆಯೊಂದರಲ್ಲಿ ಸಿಕ್ಕಿದ, ಜೀವಂತ. ಸಂಗೀತ ಬಂತು. ನಾನು ಮಾರಕ್ಕನ ನಗುವಿಗೆ ಕಾದೆ. ಬರಲಿಲ್ಲ. ಒಂದು ಶೇಂಗಾವನ್ನೂ ಅವಳು ಸುಲಿದಿರಲಿಲ್ಲ.

"ಅಂಗಿ ಯಾವ್ದು ಅಂತ ಕೇಳಿದ್ರು, ಅಲ್ವಾ?" ಎಂದಳು.

"ಹೂಂ."

"ನನ್ನ ಯಾರೂ ಕೇಳಲಿಲ್ಲ."

ಎದ್ದು ಕುರಿಗಳ ಹತ್ತಿರ ಹೋದಳು.

ಮಾರನೆಯ ಬೆಳಗ್ಗೆ ಎಂಟಕ್ಕೆ ಹೊರಠಾಣೆಯ ಮೆಟ್ಟಿಲ ಬಳಿ ನಿಂತಿದ್ದಳು. ಹಬ್ಬಕ್ಕೆ ಉಡುವ ಹಸಿರು ಸೀರೆ, ತಲೆಗೆ ಎಣ್ಣೆ. ಒಂದೇ ಮನೆಯಲ್ಲಿದ್ದು ಮುಂಜಾನೆ ನನಗೆ ಮುದ್ದೆ ಬಡಿಸಿದವಳು ಇಲ್ಲಿ ನನ್ನನ್ನು ಬಹುವಚನದಲ್ಲಿ ಕರೆದಳು: "ಬರ್ಕಳ್ರಿ, ಪೊಲೀಸಪ್ಪ."

"ಮನೆಯಲ್ಲೇ ಹೇಳಬಹುದಿತ್ತಲ್ಲಕ್ಕ?"

"ಮನ್ಯಾಗೆ ಹೇಳಿದ್ರೆ ಮಾತು. ಇಲ್ಲಿ ಹೇಳಿದ್ರೆ ಬರಹ. ಬರ್ದು ಆ ಸಾಹೇಬ್ರಿಗೆ ಕಳಿಸ್ರಿ."

ದಫೇದಾರರು ಒಳಗಿನಿಂದ, "ಲೇ, ಏಳು ವರ್ಷದ ಹಿಂದೆ ಹೋದೋನನ್ನ ಈಗ ಎಲ್ಲಿ ಹುಡುಕ್ತೀಯೋ?" ಎಂದು ಕೂಗಿದರು. ನಾನು ಆಗಲೇ ಕಾಗದ ತೆಗೆದಿದ್ದೆ. ಕೆಲಸದ ಮೇಲಿನ ಭಕ್ತಿಯಿಂದಲ್ಲ, ನನ್ನ ಸುಳ್ಳು ಬಯಲಾದೀತೆಂಬ ಹೆದರಿಕೆಯಿಂದ.

"ಹೆಸರು?" ಎಂದೆ.

ಅವಳು ನೆಲ ನೋಡಿದಳು. ಹಟ್ಟಿಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಸ್ಸು ಕಮ್ಮಿಯಾಗುತ್ತದೆಂಬ ನಂಬಿಕೆ. ಗಂಡ ಕಾಣೆಯಾದ ವರ್ಷ ಅವಳು ಇದೇ ಠಾಣೆಯಲ್ಲಿ ಆಗಿನ ಪೇದೆಯ ಮುಂದೆ ಇದೇ ಪ್ರಶ್ನೆಗೆ ಬಾಯಿ ಬಿಡದೆ ನಿಂತು ವಾಪಸು ಬಂದಿದ್ದಳಂತೆ.

"ಏಳು ಬೆಟ್ಟದ ಮ್ಯಾಲಿನ ದೇವ್ರ ಹೆಸ್ರು" ಎಂದಳು.

"ತಿಮ್ಮಪ್ಪನಾ?"

ತಲೆಯಾಡಿಸಿದಳು. ಆಮೇಲೆ ಉಳಿದದ್ದನ್ನು ತಡೆಯಿಲ್ಲದೆ ಹೇಳಿದಳು. ಬಿಳಿ ಅಂಗಿ, ಎಡ ಹುಬ್ಬಿನ ಮೇಲೆ ಕುರಿ ಹಾಯ್ದ ಗಾಯದ ಗುರುತು. ಹೆಗಲ ಮೇಲೆ ಕರಿ ಕಂಬಳಿ, ಅದರ ಅಂಚಿಗೆ ಅವಳೇ ಹಾಕಿದ ಕೆಂಪು ನೂಲಿನ ಹೊಲಿಗೆ; ಮೂರು ಸಾಲು ಪೂರ್ತಿ, ನಾಲ್ಕನೆಯದು ಅರ್ಧ. "ನೂಲು ಮುಗೀತು. ಬಂದ ಮ್ಯಾಲೆ ಹಾಕ್ತೀನಿ ಅಂದಿದ್ದೆ." ಬಾಚಣಿಗೆಯ ಮಾತನ್ನು ಅವಳು ಹೇಳಲಿಲ್ಲ. ಅದು ಪೊಲೀಸರಿಗೆ ಹೇಳುವಂಥದ್ದೆಂದು ಅವಳಿಗೆ ಅನ್ನಿಸಿರಲಿಕ್ಕಿಲ್ಲ.

ಆ ಕಾಗದವನ್ನು ಕಳಿಸಲು ಸಾಹೇಬರೆಲ್ಲಿದ್ದರು? ನಾನೇ ನಕಲು ಮಾಡಿಕೊಂಡು, ರಜೆ ಸಿಕ್ಕಾಗಲೆಲ್ಲ ಗಡಿಯಾಚೆಯ ಬಸ್ಸು ಹತ್ತಿದೆ. ಎರಡು ಠಾಣೆಗಳಲ್ಲಿ ತಲೆಯಾಡಿಸಿ ಕಳಿಸಿದರು. ಮೂರನೆಯದಕ್ಕೆ ಹೋಗುವ ಹೊತ್ತಿಗೆ ನಾಲ್ಕು ತಿಂಗಳಾಗಿತ್ತು. ಅಲ್ಲಿ ಮೇಜಿನ ಹಿಂದೆ ಒಬ್ಬ ಮುದಿ ರೈಟರ್ ಇದ್ದ, ಒಂದು ಕಣ್ಣಿಗೆ ಪೊರೆ ಬಂದವನು. ನನ್ನ ಕಾಗದವನ್ನು ಎರಡು ಸಲ ಓದಿ, ಬಟ್ಟೆಯಲ್ಲಿ ಕಟ್ಟಿದ ಹಳೆಯ ಕಡತಗಳ ಗಂಟು ಇಳಿಸಿ, ಧೂಳು ಒರೆಸಿ, ಹಾಳೆ ತಿರುವುತ್ತ ಹೋದ. ನಂತರ ಹಿಂದೆ ತಾನೇ ಬರೆದಿದ್ದ ಒಂದು ಹಾಳೆಯನ್ನು ತೆಲುಗಿನಲ್ಲಿ ಓದತೊಡಗಿದ.

ರಸ್ತೆ ಪಕ್ಕದ ಬೇವಿನ ಮರದ ಕೆಳಗೆ ಅಪರಿಚಿತ ಗಂಡಸಿನ ಶವ. ಪೆಟ್ಟಿನ ಗುರುತಿಲ್ಲ, ಎರಡು ದಿನದಿಂದ ಜ್ವರದಲ್ಲಿ ಮಲಗಿದ್ದನೆಂದು ದಾರಿಹೋಕರ ಹೇಳಿಕೆ. ಪಡುವಣಕ್ಕೆ, ಧರ್ಮಪುರದ ಕಡೆಗೆ ಹೊರಟಿದ್ದನಂತೆ. ಎಡ ಹುಬ್ಬಿನ ಮೇಲೆ ಹಳೆಯ ಗಾಯ. ಕರಿ ಕಂಬಳಿ, ಅಂಚಿಗೆ ಕೆಂಪು ನೂಲು, ಮೂರೂವರೆ ಸಾಲು. ಕಂಬಳಿಯ ಗಂಟಿನಲ್ಲಿ: ತಂಬಾಕಿನ ಚೀಲ, ಚಾಕು, ಆಮೇಲೆ, "ದುವ್ವೆನ, ಒಕಟಿ. ಕೊತ್ತದಿ."

ಬಾಚಣಿಗೆ, ಒಂದು. ಹೊಸದು.

ಆ ಕೊನೆಯ ಮಾತಿನಲ್ಲೇ ನಾನು ನಿಂತೆ. ಯಾರೋ ಗೊತ್ತಿಲ್ಲದವನ ಶವದ ಪಕ್ಕ ಮರದ ಕೆಳಗೆ ಕೂತು, ಬಾಚಣಿಗೆ ಹೊಸದೋ ಹಳೆಯದೋ ನೋಡಿ ಬರೆಯುವ ಅಗತ್ಯ ಈ ಮನುಷ್ಯನಿಗೆ ಏನಿತ್ತು? ಕೇಳಿಯೂ ಕೇಳಿದೆ. ಅವನು ಕಡತ ಕಟ್ಟುತ್ತ ಹೇಳಿದ್ದು ಕನ್ನಡದಲ್ಲಿ ಇಷ್ಟು: "ಯಾರಾದರೂ ಬಂದು ಕೇಳಬಹುದು ಅಂತ."

ಮುಂದಿನ ಭಾನುವಾರ ಎರಡೂವರೆಗೆ ನಾನು ರೇಡಿಯೋ ಹಚ್ಚಲಿಲ್ಲ. ಮಾರಕ್ಕ ಶೇಂಗಾ ತಂದು ಕೂತಳು; ನನ್ನ ಮುಖ ನೋಡಿದಳು; ಮಡಿಲಿನದನ್ನು ಮೆಲ್ಲಗೆ ನೆಲಕ್ಕೆ ಸುರಿದಳು. ನಾನು ಬರೆದುಕೊಂಡು ಬಂದಿದ್ದನ್ನು ಇದ್ದ ಹಾಗೇ ಓದಿದೆ. ನನ್ನ ಮಾತಿನಲ್ಲಿ ಹೇಳುವ ಧೈರ್ಯವಿರಲಿಲ್ಲ. ಕಂಬಳಿಯ ಸಾಲು ಬಂದಾಗ ಅವಳ ಬೆರಳು ತಾನಾಗಿ ಹೊಲಿಗೆ ಹಾಕಿದಂತೆ ಆಡಿತು. ಕಡೆಯ ಸಾಲು ಮುಗಿಯಿತು. ಅವಳು, ನಾನು ಎಂದೂ ಕೇಳದ ಮಾತನ್ನು, ಹಟ್ಟಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ತಿಮ್ಮಪ್ಪ ಬಾಚಣಿಗೆ ತಂದಿದ್ನಂತೆ."

ಪಕ್ಕದ ಮನೆಯ ಬಾಗಿಲಿಗೆ ವಾರಗಿತ್ತಿ ಬಂದು ನಿಂತಳು. ಹೆಂಡತಿಯ ಬಾಯಲ್ಲಿ ಗಂಡನ ಹೆಸರು ಕೇಳಿದ ಮೇಲೆ ಅವಳಿಗೆ ಬೇರೆ ಏನನ್ನೂ ಹೇಳಬೇಕಾಗಿರಲಿಲ್ಲ. ಅವಳೇ ಓಡಿ ಬಂದು ಮಾರಕ್ಕನನ್ನು ತಬ್ಬಿಕೊಂಡು ಅತ್ತಳು.

ಹಟ್ಟಿಯವರು ಸೇರಿ ಕಾರ್ಯ ಮಾಡಿದರು. ಎಲ್ಲ ಮುಗಿದ ಮೇಲೆ ನಾನು ನನ್ನ ಸುಳ್ಳನ್ನು ಒಪ್ಪಿಸಿದೆ. "ಅಕ್ಕ, ಆ ಸಾಹೇಬ್ರು ನನಗೆ ಗೊತ್ತಿಲ್ಲ. ಅವರು ನಾಟಕದವರು."

"ಗೊತ್ತು ಬಿಡಪ್ಪ" ಎಂದಳು ಮಾರಕ್ಕ. "ಅಂಥ ಸಾಹೇಬ್ರು ಇದ್ರೂ ನನ್ನ ಗಂಡನ್ನ ಹುಡುಕ್ಕಂಡು ಮೂರು ಊರು ಬಸ್ಸು ಹತ್ತುತಿದ್ರಾ? ನೀನು ಸುಳ್ಳು ಹೇಳಿದ್ದಕ್ಕೆ ನಾಚ್ಕಂಡು ಹೋಗ್ತೀಯ ಅಂತಲೇ ನಿನ್ನ ಕೈಗೆ ಕೊಟ್ಟೆ."

ಕುರಿ ಕಾಯುವವರಿಗೆ ಯಾವ ಮರಿಯನ್ನು ಯಾವ ಕಡೆಯಿಂದ ಅಟ್ಟಬೇಕೆಂದು ಗೊತ್ತಿರುತ್ತದೆ.

ಒಂದು ತಿಂಗಳಾದ ಮೇಲೆ ಅವಳೇ, "ರೇಡಿಯೋ ಹಚ್ಚಪ್ಪ" ಎಂದಳು. ಸಂತೆಯಲ್ಲಿ ತಾನೇ ಕೊಂಡ ಬಾಚಣಿಗೆಯಲ್ಲಿ ತಲೆ ಬಾಚುತ್ತ ಪೂರ್ತಿ ಕಂತು ಕೇಳಿದಳು. ಸೆರಗು ಮಾತ್ರ ತಲೆಗೆ ಎಳೆದುಕೊಳ್ಳಲಿಲ್ಲ. ಕೈಕೋಳದ ಸಪ್ಪಳವಾದ ಮೇಲೆ ತೀರ್ಪು ಕೊಟ್ಟಳು: "ಈ ಸಾಹೇಬ್ರು ಒಂದನ್ನೂ ಬರ್ಕಳ್ಳಲ್ಲ, ನೋಡು. ಎಲ್ಲಾ ತಲ್ಯಾಗೇ ಇಟ್ಕಂತಾರೆ. ಇವ್ರು ಸತ್ರೆ ಯಾರನ್ನ ಕೇಳೋದು?"

ನಾನು ರೈಟರ್ ಕೆಲಸ ಕೇಳಿಕೊಂಡು ಅರ್ಜಿ ಹಾಕಿದ್ದು ಆ ವರ್ಷವೇ.

ಸ್ಫೂರ್ತಿ ಎಲ್ಲವನ್ನೂ ಕೇಳಿ ಶೇಂಗಾದ ಬಟ್ಟಲನ್ನು ಕೆಳಗಿಟ್ಟಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ಇದನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲವೆಂದು ಆಗ ಹೊಳೆಯಿತು. ಅವಳು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು, "ಸೀರೆ ಹಸಿರು ಅಂದ್ರಲ್ಲ, ಅಂಚು ಯಾವ್ದು?" ಎಂದಳು.

"ಅರಿಶಿನ" ಎಂದೆ. ನೆನಪಿತ್ತು.

ಸ್ಫೂರ್ತಿ ಟೀವಿ ಮತ್ತೆ ಶುರು ಮಾಡಿದಳು. ಇನ್ಸ್‌ಪೆಕ್ಟರ್ ಜೀಪು ಹತ್ತಿ ಹೊರಟ. ಅವಳು ಅವನಿಗೆ ಬುದ್ಧಿ ಹೇಳಲಿಲ್ಲ. ಹಿಂದಕ್ಕೆ ತಿರುಗಿಸಿ ಆ ಡೊಳ್ಳು ಹೊಟ್ಟೆಯವನು ಬರೆಯುವುದನ್ನು ಇನ್ನೊಮ್ಮೆ ನೋಡಿದಳು. "ಏನೂ ಬರೀತಿಲ್ಲ ತಾತ ಇವನು, ಸುಮ್ನೆ ಗೀಚ್ತಿದ್ದಾನೆ" ಎಂದಳು, ಸಿಟ್ಟಿನಿಂದ.

ಆರೂವರೆಗೆ ಗೇಟಿನ ದೀಪ ಹಾಕಿದೆ. ಆರೂ ಮುಕ್ಕಾಲಿಗೆ ತುಳಸಿಗೆ ನೀರು. ಏಳಕ್ಕೆ ದಿನಚರಿ ತೆಗೆದು, ಸಂಜೆ ಬರೆದಿದ್ದ ಹಾಜರಿಯನ್ನು ತಿದ್ದಿದೆ: ನಾನು, ಸ್ಫೂರ್ತಿ, ನನ್ನ ಹೆಂಡತಿ (ಪೂರ್ತಿ), ಮಾರಕ್ಕ, ತಿಮ್ಮಪ್ಪ. ಮಸಿ ಆರಲು ಬಿಟ್ಟು, ಪೆನ್ನಿಗೆ ಮುಚ್ಚಳ ಹಾಕಿದೆ.