ಹಲಗೆ ಕೊಳೆತಿರಲಿಲ್ಲ

ನಮ್ಮ ಮಹಡಿಯ ಹಲಗೆಗಳು ಅತ್ತೆಯವರ ಪೂಜೆಯ ನೀರಿಗೆ ಕೊಳೆಯುತ್ತಿವೆ ಎಂದು ನಾನು ಹೇಳಿದ್ದು ಸುಳ್ಳು. ಅವರಿಗಷ್ಟೇ ಅಲ್ಲ, ಮನೆಗೆ ಬಂದ ನೆಂಟರಿಗೆಲ್ಲ ಹೇಳಿದೆ. ವರ್ಷಗಟ್ಟಲೆ ಹೇಳಿದೆ.

ಕೊಟ್ಟೂರಿನ ನಮ್ಮ ಮನೆಯ ಮಹಡಿಗೆ ಹಳೆಯ ತೇಗದ ಹಲಗೆಯ ನೆಲ. ಅಲ್ಲಿ ಕಿಟಕಿಯ ಪಕ್ಕ ಅತ್ತೆಯವರು ದಿನಾ ಬೆಳಿಗ್ಗೆ ಲಿಂಗಪೂಜೆಗೆ ಕೂರುತ್ತಿದ್ದರು. ಅವರು ಮದುವೆಯಾಗಿ ಬಂದಾಗಿನಿಂದ ಅವರ ಜಾಗ ಅದು. ಒಂದಿಷ್ಟು ನೀರು, ಒಂದಿಷ್ಟು ವಿಭೂತಿ ಹಲಗೆಯ ಮೇಲೆ ಬೀಳುತ್ತಿತ್ತು — ಬಿದ್ದರೇನು, ಅವರೇ ಒರೆಸಿ ಏಳುತ್ತಿದ್ದರು.

ನೆಲ ಮಾಸಿತ್ತೆಂದು ಹರಪನಹಳ್ಳಿಯಿಂದ ಪಾಲಿಶ್ ಕೆಲಸದವರನ್ನು ಕರೆಸಿದೆ. ಅವರು ಹಲಗೆ ಉಜ್ಜಿ ನೋಡಿ, "ಒಳಗ ಕಬ್ಬಿಣ ಇದ್ದಂಗ ಅದಾವ್ರಿ ಅಕ್ಕಾರ," ಎಂದರು. "ಅಗಸಿ ಎಣ್ಣಿ ಕುಡಿಸಿದ್ರ ನೀರು ಬಿದ್ರೂ ಚಿಂತಿಲ್ಲ, ವರ್ಷಕ್ಕೊಮ್ಮಿ ಮತ್ತ ಹಚ್ಚಿದ್ರ ಆತು. ಆದ್ರ ಹೊಳಪು ಕಮ್ಮಿ. ಅರಗಿನ ಪಾಲಿಶ್ ಆದ್ರ ಕನ್ನಡಿ ಹಂಗ ಮಾರಿ ಕಾಣತೈತಿ — ನೀರು ಬಿದ್ರ ಮಾತ್ರ ಬೆಳ್ಳಗ ಕಲಿ ಏಳತಾವ."

ನನಗೆ ಹೊಳಪು ಬೇಕಿತ್ತು. ದಾವಣಗೆರೆಯಲ್ಲಿ ಅಕ್ಕನ ಮನೆಯ ಗ್ರಾನೈಟ್ ನೋಡಿ ಬಂದಾಗಿನಿಂದ ಹೊಟ್ಟೆಕಿಚ್ಚು — ಬೇರೆ ಹೆಸರಿಲ್ಲ ಅದಕ್ಕೆ. ಅತ್ತೆಯವರು ಕೂರುವ ಜಾಗವೆಂದು ಗೊತ್ತಿದ್ದೂ ಅರಗಿನ ಪಾಲಿಶೇ ಇರಲಿ ಎಂದೆ. ಇನ್ನು ಅವರನ್ನು ಅಲ್ಲಿಂದ ಎಬ್ಬಿಸಬೇಕಲ್ಲ. ಇದ್ದದ್ದನ್ನು ಇದ್ದಂತೆ ಹೇಳುವ ಧೈರ್ಯವಾದರೂ ಇದ್ದಿದ್ದರೆ... ರೊಟ್ಟಿ ತಟ್ಟುತ್ತಾ, ಮುಖ ನೋಡದೆ ಹೇಳಿದೆ: "ನಿಮ್ಮ ಪೂಜಿ ನೀರಿಗೆ ಹಲಗಿ ಕೊಳಿಯಾಕ ಹತ್ಯಾವಂತ್ರಿ ಅತ್ತಿ. ಪಾಲಿಶ್‌ನವರು ಹೇಳಿದ್ರು."

ಜಗಳ ಆಡಬಹುದೆಂದು ಎಣಿಸಿದ್ದೆ. ಅವರು ನನ್ನ ಹಿಟ್ಟಿನ ಕೈಯನ್ನೇ ಹಿಡಿದುಕೊಂಡರು. "ನಂಗ ತಿಳಿಲಿಲ್ಲವ್ವ. ಹಿರೇರು ಕಟ್ಟಿದ ಮನಿ ಕೆಡಿಸಿಬಿಟ್ಟೆ. ತಪ್ಪಾತು."

"ಇರಲಿ ಬಿಡ್ರಿ" ಎಂದೆ. ಮಾಡದ ತಪ್ಪನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸಿದೆ — ನಾನು, ಅವರನ್ನು. ನೆನೆದರೆ ಈಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಅಂದಿನಿಂದ ಅವರ ಪೂಜೆ ಮೆಟ್ಟಿಲ ಕೆಳಗಿನ ಮಬ್ಬಿನಲ್ಲಿ. ಅಲ್ಲಿರುವುದು ಬಂಡೆಯ ನೆಲ. ಆದರೂ ಟವೆಲ್ ಮಡಿಸಿ ಹಾಸಿ, ಅದರ ಮೇಲೆ ತಟ್ಟೆ ಇಟ್ಟು, ಒಂದು ಹನಿಯೂ ಆಚೆ ಹೋಗದ ಹಾಗೆ ನೀರು ಬಿಡುತ್ತಿದ್ದರು. ಕಲ್ಲಿಗೇನಾಗುತ್ತದೆ? ನಾನು ಕಂಡೂ ಕಾಣದವಳಂತೆ ಓಡಾಡಿದೆ. ಬಂದವರು ಮಹಡಿ ಹೊಗಳಿದರೆ, "ಅತ್ತಿಯವರ ನೀರಿಗೆ ಹಾಳಾಗಿತ್ರಿ, ಹೆಂಗೋ ಉಳಿಸ್ಕೊಂಡ್ವಿ" ಎಂದು ಅವರೆದುರೇ ಹೇಳುತ್ತಿದ್ದೆ. ಅವರು ತಲೆ ತಗ್ಗಿಸುತ್ತಿದ್ದರು.

ಮೊನ್ನೆ ನನ್ನ ಮಗಳು ಮೇಲಿನಿಂದ, "ಅಜ್ಜಿ, ಇಲ್ಲಿ ಬಿಸಿಲು ಚಲೋ ಐತಿ, ಬಾ" ಎಂದು ಕರೆದಳು. ಅತ್ತೆಯವರು ಮೆಟ್ಟಿಲ ತನಕ ಬಂದು, ಆಗಷ್ಟೇ ತೊಳೆದ ತಮ್ಮ ಪಾದ ನೋಡಿಕೊಂಡು ಹಿಂದೆ ಸರಿದರು. "ಕಾಲು ಹಸಿ ಅದಾವು. ಮತ್ತ ಹಲಗಿ ಕೆಡತಾವ, ಬ್ಯಾಡವ್ವ."

ಆಗ ಹೇಳಿದೆ. ಎಲ್ಲವನ್ನೂ, ಮಗಳು ಕೇಳುವಂತೆಯೇ. ಅತ್ತೆಯವರು ಬೈಯಲಿಲ್ಲ — ಬೈದಿದ್ದರೆ ಎಷ್ಟೋ... ಇಷ್ಟೇ ಕೇಳಿದರು:

"ಹಂಗಾರ, ನಾ ಕೆಡಿಸಿದ್ದಿಲ್ಲ?"

"ಇಲ್ರಿ ಅತ್ತಿ."

ಮಧ್ಯಾಹ್ನ ಊಟಕ್ಕೆ ಬಡಿಸುವಾಗ ಅದನ್ನೇ ಮತ್ತೊಮ್ಮೆ ಕೇಳಿದರು.