ಬರೆಸದೆ ಬಿಟ್ಟ ಮೂಲೆ

ಬೆಳಿಗ್ಗೆ ಚಾ ಲೋಟ ಕೈಗೆ ಕೊಟ್ಟರೆ ಅವ್ವ ಅದನ್ನು ಹಿಡಿದುಕೊಂಡೇ ಕೇಳುತ್ತಿದ್ದಳು: "ಮಗಾ, ಆ ಮೂಲೆ ಹಂಗೇ ಐತನಾ?"

"ಐತೆ. ಅದೆಲ್ಲಿಗೆ ಹೋಗ್ತದೆ?" ಎನ್ನುತ್ತಿದ್ದೆ.

ಆಮೇಲೆ ಚಾ ಕುಡಿಯುತ್ತಿದ್ದಳು. ಎರಡು ವರ್ಷ ಹೀಗೇ ನಡೆಯಿತು, ಎರಡು ವರ್ಷವೂ ನಾನು ಹೇಳಿದ್ದು ಸುಳ್ಳು. ಮಂಚ ಬಿಟ್ಟು ಏಳಲಾರದ ಹೆತ್ತ ತಾಯಿಯ ಮುಖ ನೋಡಿ ಸುಳ್ಳು ಹೇಳುವುದು ಇಷ್ಟು ಸಲೀಸು ಎಂದು ನನಗೆ ಗೊತ್ತಿರಲಿಲ್ಲ. ಥೂ, ನನ್ನ ಬಾಯಿಗಿಷ್ಟು.

ಆ ಮೂಲೆ ಎಂದರೆ ನಮ್ಮ ಗದ್ದೆಯ ಕೊನೆಯಲ್ಲಿದ್ದ, ನೀರು ನಿಲ್ಲದ ಒಂದಿಷ್ಟು ದಿಬ್ಬ. ಅಪ್ಪನನ್ನು ಸುಟ್ಟ ಜಾಗ. ಸಿದ್ದಾಪುರದಿಂದ ಬಿಳಗಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮಂಥ ಗದ್ದೆಯವರು ಸತ್ತವರನ್ನು ಸ್ವಂತ ನೆಲದಲ್ಲೇ ಸುಡುತ್ತಿದ್ದರು. ಕಾರ್ಯವೆಲ್ಲ ಮುಗಿದ ಮೇಲೆ ಆ ಬೂದಿಮಣ್ಣಿನಲ್ಲಿ ಒಂದು ಹಲಸಿನ ಬೀಜ ಊರುವುದು ನಮ್ಮ ಮನೆಯ ರೂಢಿ. ಮರ ಬೆಳೆದು ಹಣ್ಣಾದರೆ ದಾರಿಹೋಕರು ತಿನ್ನಬಹುದು, ದನ ತಿನ್ನಬಹುದು, ಮನೆಯವರು ಮಾತ್ರ ಮುಟ್ಟುವಂತಿಲ್ಲ. ಅಪ್ಪನ ಬೀಜ ಊರಿದವಳು ಅವ್ವನೇ. ಅಪ್ಪನಿಗೆ ಗಟ್ಟಿ ತೊಳೆಯ ಬಕ್ಕೆ ಹಲಸೇ ಆಗಬೇಕಿತ್ತು, ಮೆತ್ತನೆಯ ಹಣ್ಣು ಕಂಡರೆ ಮುಖ ತಿರುಗಿಸುತ್ತಿದ್ದ. ಅದಕ್ಕೇ ಹಿತ್ತಲಿನ ಬಕ್ಕೆಯ ಬೀಜವನ್ನೇ ಆರಿಸಿ ತಂದಿದ್ದಳು. "ನನ್ನನ್ನ ಇದರ ಪಕ್ಕಕ್ಕೇ ಹಾಕಿ" ಎಂದು ಅವತ್ತೇ ಹೇಳಿಟ್ಟಳು. ಆಗ ಅವಳಿಗೆ ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ.

ಗದ್ದೆ ಮಾರಿದವನು ನಾನು. ಯಾರ ಮೇಲೂ ಹಾಕುವುದಿಲ್ಲ. ಮೇಲಿನ ದಿಬ್ಬದಲ್ಲಿ ಮೊದಲು ನಾಲ್ಕು ಮನೆ ಬಂತು, ಆಮೇಲೆ ಸಾಲು ಸಾಲು. ಬಚ್ಚಲ ನೀರು ನಮ್ಮ ಗದ್ದೆಗೆ ಇಳಿಯಿತು. ನೀರು ಬರುವ ಕಾಲುವೆಯ ಮೇಲೆ ರಸ್ತೆ ಬಂತು. ಭತ್ತದ ಸಸಿ ನಟ್ಟಿಗೆ ಕರೆದರೆ, "ಆ ಗಲೀಜಿಗೆ ಕಾಲಿಡೂದು ಯಾರಾ ಮಾರಾಯಾ" ಎಂದು ಹೆಂಗಸರು ಮುಖಕ್ಕೆ ಹೊಡೆದಂತೆ ಹೇಳಿದರು. ಎರಡು ಮಳೆಗಾಲ ಗದ್ದೆ ಬೆಳೆಯಿಲ್ಲದೆ ಹಡಿಲು ಬಿದ್ದಿತು. ಸುತ್ತ ಎಲ್ಲರೂ ಸೈಟು ಮಾಡಿಸುವಾಗ ನಾನೊಬ್ಬ ಹುಲ್ಲು ಬೆಳೆಸಿಕೊಂಡು ಕೂತು ಮಾಡುವುದೇನಿತ್ತು? ತಗೊಳ್ಳಲು ಬಂದವನೂ ಹೊರಗಿನವನಲ್ಲ, ನಮ್ಮ ಸೀಮೆಯವನೇ. ಅವ್ವ ಒಂದೇ ಒಂದು ಕರಾರು ಹಾಕಿದಳು: "ಎಲ್ಲ ತಕ. ಆ ಮೂಲೆ ಬಿಡು."

ಕಾಗದ ಬರೆಸುವ ದಿನ ಹಳೆಮನೆಯ ಜಗಲಿಯಲ್ಲಿ ನಾವು ನಾಲ್ವರಿದ್ದೆವು. ಅವ್ವ, ನಾನು, ತಗೊಳ್ಳುವವನು, ಬರೆಯುವವರು. ಬರೆಯುವವರು ಪೆನ್ನು ಎತ್ತಿ ಕೇಳಿದರು, "ಆ ಮೂಲೆ ಎಂತಕ್ಕೆ ಅಂತ ಬರೀಲಿ?"

ಅವ್ವ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದಳು. ಬದುಕಿ ಎದುರಿಗೆ ಕೂತ ಮನುಷ್ಯಳನ್ನು ಸುಡಲು ಜಾಗ ಎಂದು ಕಾಗದದಲ್ಲಿ ಬರೆಸುವುದು ಹೇಗೆ? ನಮ್ಮಲ್ಲಿ ಅಂಥದ್ದನ್ನು ಬಾಯಿಬಿಟ್ಟು ಹೇಳುವುದೇ ಅಪಶಕುನ, ಬರೆದರೆ ಕರೆದಂತೆಯೇ. ತಗೊಳ್ಳುವವನೇ ಮೊದಲು ಹೇಳಿದ, "ಛೆ ಛೆ, ಅದನ್ನೆಲ್ಲ ಬರೆಸೂದು ಬ್ಯಾಡ. ನಾನು ಅಲ್ಲಿ ಸೈಟು ಮಾಡೂದಿಲ್ಲ. ಮಾತು ಅಂದ್ರೆ ಮಾತು." ನಾನೂ ತಲೆಯಾಡಿಸಿದೆ. ಎಲ್ಲರಿಗೂ ಎದೆಯ ಭಾರ ಇಳಿದಂತಾಯಿತು. ಅವ್ವ ಎಲೆ ಮಡಿಸಿ ಬಾಯಿಗಿಟ್ಟುಕೊಂಡಳು.

ಅವನು ಮಾತು ತಪ್ಪಲಿಲ್ಲ. ಅದೇ ನನ್ನ ಹೊಟ್ಟೆ ಉರಿಸುವುದು. ಮೋಸ ಮಾಡಿದ್ದರೆ ಬೈಯಬಹುದಿತ್ತು, ಕೋರ್ಟಿಗೆ ಎಳೆಯಬಹುದಿತ್ತು. ಅವನು ಆ ಮೂಲೆಗೆ ಸೈಟಿನ ನಂಬರು ಹಾಕಲೇ ಇಲ್ಲ. ಆದರೆ ಲೇಔಟಿನ ನಕ್ಷೆಯಲ್ಲಿ ಖಾಲಿ ಜಾಗ ಎಂದರೆ ಏನಾದರೂ ಒಂದು ಹೆಸರು ಬೇಕು. ಕಾಗದದಲ್ಲಿ ಹೆಸರಿಲ್ಲದ್ದಕ್ಕೆ ನಕ್ಷೆ ಮಾಡಿದವರು ಪಾರ್ಕ್ ಎಂದು ಬರೆದರು. ಪಾರ್ಕು, ರಸ್ತೆ, ಗಟಾರ ಎಲ್ಲ ಸೇರಿ ಸರ್ಕಾರದ ಹೆಸರಿಗೆ ಹೋಯಿತು.

ನಮಗೆ ಉಳಿದದ್ದು ಲೇಔಟಿನ ಬಾಯಲ್ಲಿ ಒಂದು ಸೈಟು. ಹಳೆಮನೆ ರಸ್ತೆಗೆ ಹೋಯಿತು, ಹಿತ್ತಲಿನ ಬಕ್ಕೆಯೂ ಹೋಯಿತು. ಹೊಸಮನೆಯ ಟೈಲ್ಸ್ ಮೇಲೆ ಅವ್ವ ಮೊದಲ ವಾರವೇ ಜಾರಿ ಬಿದ್ದಳು. ಸೊಂಟ ಮುರಿಯಿತು. ಅವತ್ತಿನಿಂದ ಅವಳ ಲೋಕ ಎಂದರೆ ಮಂಚ, ಕಿಟಕಿ, ಕಿಟಕಿಯಾಚೆ ಪಕ್ಕದ ಮನೆಯ ಗೋಡೆ. ಪಾರ್ಕು ಹಿಂದಿನ ತುದಿಯಲ್ಲಿದೆ, ನಮ್ಮ ಮನೆಯಿಂದ ಕಾಣುವುದಿಲ್ಲ. ಕಾಣದಿರುವುದೇ ನನ್ನ ಪುಣ್ಯ ಅಂದುಕೊಂಡಿದ್ದೆ.

ಸುಮ್ಮನೆ ಕೂತಿದ್ದೆ ಎಂದಲ್ಲ. ಪಾರ್ಕಿಗೆ ಜಾರುಬಂಡಿ ಬಂದ ದಿನ ಸೀದಾ ಗದ್ದೆ ತಗೊಂಡವನ ಹತ್ತಿರ ಓಡಿದೆ. ಅವನು ತಲೆ ತಗ್ಗಿಸಿದ. "ನಾ ಬಿಟ್ಟಿದ್ದೆ ಮಾರಾಯಾ. ದೇವ್ರಾಣೆ ಬಿಟ್ಟಿದ್ದೆ. ಬರೆಸಿದ್ರೆ ಆಗಿತ್ತು." ಕಚೇರಿಗೆ ಹೋದೆ. ಅಲ್ಲಿದ್ದವರು ಒಳ್ಳೆಯವರೇ, ಕುರ್ಚಿ ಕೊಟ್ಟರು. ಕಾಗದ ಏನಾದರೂ ಇದೆಯೇ ಎಂದು ಕೇಳಿದರು. ಸಾರ್ವಜನಿಕ ಸುಡುಗಾಡಿಗೂ ಹೋಗಿ ನೋಡಿ ಬಂದೆ. ಶೀಟಿನ ಮಾಡು, ಕಬ್ಬಿಣದ ಚೌಕಟ್ಟು, ಹಿಂದಿನವರ ಬೂದಿ ಇನ್ನೂ ಹಾಗೇ ಇತ್ತು. ಒಬ್ಬರಾದ ಮೇಲೆ ಒಬ್ಬರು. ಬೀಜ ಊರಲು ಅಲ್ಲಿ ಇದ್ದದ್ದು ಸಿಮೆಂಟು. ಗೇಟಿನ ಹೊರಗೆ ಬಂದು ಬೈಕಿನ ಮೇಲೆ ಕೂತು ಅತ್ತೆ. ಅರವತ್ತರ ಹತ್ತಿರದ ಗಂಡಸು, ಹಾಡಹಗಲು.

ಕೊನೆಗೆ ಲೇಔಟಿನವರ ಸಭೆಗೆ ಹೋದೆ. ಭಾನುವಾರ, ಪಾರ್ಕಿನಲ್ಲೇ, ಹಲಸಿನ ಮರದ ನೆರಳಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಎಲ್ಲ ಹೇಳಿಬಿಡುವುದೆಂದೇ ಹೋಗಿದ್ದು. ಮಕ್ಕಳು ಮರದ ಬುಡಕ್ಕೆ ಕೈಹಚ್ಚಿ ಕಣ್ಣಾಮುಚ್ಚಾಲೆ ಆಡುತ್ತಿದ್ದವು. ಒಬ್ಬ ತಾಯಿ ಅಲ್ಲೇ ಕೂತು ಮಗುವಿಗೆ ಉಣ್ಣಿಸುತ್ತಿದ್ದಳು. ಅವಳಿಗೆ ಏನೆಂದು ಹೇಳಲಿ? ತಂಗೀ, ನೀನು ಕೂತಲ್ಲಿ ನನ್ನ ಅಪ್ಪನನ್ನು ಸುಟ್ಟಿದ್ದೇವೆ, ಪಕ್ಕದಲ್ಲಿ ಅವ್ವನಿಗೆ ಜಾಗ ಬೇಕು ಎಂದೇ? ಜಗಲಿಯಲ್ಲಿ ಮುಚ್ಚಿದ ಬಾಯಿ ಇಲ್ಲೂ ಮುಚ್ಚಿಯೇ ಇತ್ತು. ಬೀದಿದೀಪದ ವಿಷಯ ಬಂದಾಗ ಕೈ ಎತ್ತಿ ಮನೆಗೆ ಬಂದೆ.

ಹಿಂದಿನ ಸಾಲಿನಲ್ಲಿ ಹಾವೇರಿ ಕಡೆಯಿಂದ ಬಂದ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ಬಂಗಾರದಂಥ ಮನುಷ್ಯ. ಹೋದ ವರ್ಷ ಮಳೆ ಹಿಡಿಯುವ ಮೊದಲು, ಒಂದು ಬೆಳಿಗ್ಗೆ, ಅರ್ಧ ಹಲಸಿನ ಹಣ್ಣು ಹೊತ್ತುಕೊಂಡು ಬಂದರು. ನಾನು ಬಚ್ಚಲಲ್ಲಿದ್ದೆ. ಅವರು ಸೀದಾ ಅವ್ವನ ಕೋಣೆಗೆ ಹೋಗಿ ಕೂತಿದ್ದಾರೆ.

"ತೊಗೋರ್ರಿ ಅಮ್ಮಾರ. ನಮ್ಮ ಪಾರ್ಕಿನ ಹಣ್ಣು. ಮೊದಲು ನಿಮ್ಮ ಹೊಲದ ಮರಾನೇ ಇತ್ತಂತಲ್ರಿ ಅದು? ಅದಕ್ಕ ನಿಮಗ ಮೊದಲು ತಂದೆ. ಮಕ್ಕಳ ತಲಿ ಮ್ಯಾಲೆ ಹಣ್ಣು ಬೀಳ್ತಾವಂತ ಮುಂದಿನ ವಾರ ಕಡಸೂದೈತ್ರಿ. ಇದ ಕಡೀ ಹಣ್ಣು."

ಟವೆಲು ಸುತ್ತಿಕೊಂಡು ಓಡಿ ಬಂದೆ. ಅಷ್ಟರಲ್ಲಿ ಆಗುವುದೆಲ್ಲ ಆಗಿತ್ತು. ಅವ್ವ ಅವರಿಗೆ ಕೈಮುಗಿದಳು, ಚಾ ಕುಡಿದು ಹೋಗಿ ಎಂದಳು. ಅವರು ಹೋಗುವವರೆಗೂ ನಗುತ್ತಲೇ ಇದ್ದಳು.

ಆಮೇಲೆ ನನ್ನ ಕಡೆ ತಿರುಗಿದಳು. "ಪಾರ್ಕು ಅಂದ್ರೆ ಎಂತದಾ?"

ಹೇಳಿದೆ. ಜಾರುಬಂಡಿ, ಉಯ್ಯಾಲೆ, ಬೆಂಚು, ಎಲ್ಲ ಹೇಳಿದೆ. ಕಾಲು ಹಿಡಿದುಕೊಂಡೆ. "ತಪ್ಪಾತು ಅವ್ವಾ. ನನ್ನ ಚಪ್ಪಲಿಲಿ ಹೊಡಿ." ಅವಳು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಅದನ್ನ ಬಿಡಿಸಿ ಕೊಡು" ಎಂದಳು.

"ಯಾವುದನ್ನ?"

"ಹಣ್ಣನ್ನ. ನಂಗೆ ಅಲ್ಲಿಗೆ ಹೋಪಕ್ಕಾಗೂದಿಲ್ಲ. ಅದೇ ನನ್ನ ಹತ್ರ ಬಂದೈತೆ."

ನಮ್ಮ ಮನೆಯಲ್ಲಿ ಯಾರೂ ಮಾಡದ್ದನ್ನು ಮಾಡಬೇಡ ಎನ್ನಲು ಬಾಯಿ ತೆರೆದೆ. ಎನ್ನುವ ಹಕ್ಕು ನನಗೆಲ್ಲಿ ಉಳಿದಿತ್ತು? ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಮಂಚದ ಪಕ್ಕ ನೆಲಕ್ಕೆ ಕೂತು, ತೊಳೆ ಬಿಡಿಸಿ ಕೊಟ್ಟೆ. ಅವ್ವ ಒಂದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಹಲ್ಲಿಲ್ಲದ ಬಾಯಲ್ಲಿ ತುಂಬಾ ಹೊತ್ತು ಅಗಿದಳು.

"ಬಕ್ಕೇನೇ ಐತಲ್ಲಾ!" ಎಂದಳು. ಬಕ್ಕೆಯ ಬೀಜ ಊರಿದರೆ ಬಕ್ಕೆಯೇ ಬರುತ್ತದೆಂಬ ಖಾತ್ರಿಯಿಲ್ಲ; ಮನೆಯವರು ಮುಟ್ಟದ ಹಣ್ಣಾದ್ದರಿಂದ, ಅಷ್ಟು ವರ್ಷ ಆ ಮರ ಕಾಯಿ ಬಿಟ್ಟರೂ ಅದು ಬಕ್ಕೆಯೋ ಅಲ್ಲವೋ ಎಂದು ಅವಳಿಗೆ ಗೊತ್ತೇ ಇರಲಿಲ್ಲ. "ನಿಮ್ಮಪ್ಪಂಗೆ ಬೇಕಾದ್ದೇ ಸಿಕ್ತು ನೋಡು." ಆಗ ಅತ್ತಳು. ನಾನೂ ಅತ್ತೆ.

ಒಂದು ಬೀಜವನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟಳು. "ನನ್ನ ಎಲ್ಲಾದ್ರೂ ಸುಡು ಮಗಾ, ನಾ ಕೇಳೂದಿಲ್ಲ. ಇದನ್ನ ಮಾತ್ರ ನಮ್ಮ ಮಣ್ಣಲ್ಲಿ ಊರು. ನಂದೊಂದು ಹಿಡಿ ಬೂದಿ ತಂದು ಬುಡಕ್ಕೆ ಹಾಕು. ಸಾಕು."

ಬೀಜ ಹಿಡಿದು ಹೊರಗೆ ಬಂದೆ. ಎದುರಿಗೆ ಇಂಟರ್‌ಲಾಕ್ ಹಾಸು. ಎಡಕ್ಕೆ ನೀರಿನ ಟಾಂಕಿ, ಬಲಕ್ಕೆ ಪಕ್ಕದವರ ಕಂಪೌಂಡಿಗೆ ತಾಗಿದ ಗೋಡೆ. ಹಿಂದೆ ಸಂಡಾಸಿನ ಗುಂಡಿಯ ಮುಚ್ಚಳ. ಎರಡು ಸುತ್ತು ತಿರುಗಿದೆ. ಎಕರೆಗಟ್ಟಲೆ ಗದ್ದೆ ಹೂಡಿದವರ ಮಗ ನಾನು, ಒಂದು ಹಲಸಿನ ಬೀಜಕ್ಕೆ ನೆಲ ಸಿಗಲಿಲ್ಲ. ಕೊನೆಗೆ ಮನೆಗೆ ಬಣ್ಣ ಹೊಡೆಸಿದಾಗ ಉಳಿದ ಖಾಲಿ ಬಕೆಟ್ಟು ಹುಡುಕಿದೆ. ಅದಕ್ಕೆ ತುಂಬುವ ಮಣ್ಣಿಗೂ ಪಾರ್ಕಿಗೇ ಹೋಗಬೇಕಾಯಿತು. ಮರದ ಬುಡದಿಂದ ಕೆರೆದುಕೊಂಡೆ. ಮಾಸ್ತರರು ನೋಡಿ, "ಹೂವಿನ ಗಿಡಕ್ಕೇನ್ರಿ?" ಎಂದು ಕೇಳಿದರು. ಹೌದು ಎಂದೆ.

ಮುಂದಿನ ವಾರ ಮರ ಕಡಿದರು. ಗರಗಸದ ಸದ್ದು ಮಧ್ಯಾಹ್ನದವರೆಗೂ ಕೇಳಿತು. ಅವ್ವ ಕಿವಿ ಮುಚ್ಚಿಕೊಳ್ಳಲಿಲ್ಲ.

ಈಗ ಬಕೆಟ್ಟು ಅವಳ ಕಿಟಕಿಯ ಹೊರಗಿದೆ. ಸಸಿ ಸರಳಿನ ಎತ್ತರಕ್ಕೆ ಬಂದಿದೆ. ತಳದ ತೂತಿನಿಂದ ಬೇರು ಹೊರಗೆ ಬಂದು ಸಿಮೆಂಟಿನ ಮೇಲೆ ಹರಡಿಕೊಂಡಿದೆ. ಬೆಳಿಗ್ಗೆ ಚಾ ಕೊಟ್ಟರೆ ಅವ್ವ ಬೇರೆಯದೇ ಪ್ರಶ್ನೆ ಕೇಳುತ್ತಾಳೆ: "ಮಗಾ, ನೆಲಕ್ಕೆ ಯಾವಾಗ ನೆಡ್ತೆ?"

"ಈ ಮಳೆಗಾಲಕ್ಕೆ" ಎನ್ನುತ್ತೇನೆ. ಅವಳು ಚಾ ಕುಡಿಯುತ್ತಾಳೆ.