ಬೀಜಕ್ಕೆ ಬಿಟ್ಟ ಹೀರೆಕಾಯಿ

ನಮ್ಮ ಹಿತ್ತಲಿನ ಗಿಡಗಳಿಗೆ ನನ್ನ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಗೌರಿ ಹೂವಿನ ಬಲಿತ ಕಾಯಿಯನ್ನು ಮುಟ್ಟಿದರೆ ಸಾಕು, ಪಟ್ಟನೆ ಸಿಡಿದು ಬೀಜವನ್ನು ಬಚ್ಚಲ ಕಲ್ಲಿನವರೆಗೆ ಎಸೆಯುತ್ತದೆ. ಉತ್ತರಾಣಿ ನನ್ನ ಸೀರೆಯ ಅಂಚು ಹಿಡಿದು ಪಡಸಾಲೆಗೇ ಬರುತ್ತದೆ. ಬಸಳೆ ಹಣ್ಣು ತಿಂದ ಹಕ್ಕಿಗಳು ಕಾಂಪೌಂಡ್ ಗೋಡೆಯನ್ನು ಹೊಲಸು ಮಾಡುತ್ತವೆ. ಬೈಯುತ್ತಲೇ ತಿಕ್ಕಿ ತೊಳೆಯುತ್ತೇನೆ, ಮುಂದಿನ ಮಳೆಗೆ ಅದೇ ಗೋಡೆಯ ಬುಡದಲ್ಲಿ ಸಸಿ ಎದ್ದಿರುತ್ತದೆ. ಇದನ್ನೆಲ್ಲ ನಾನು ಕಣ್ಣು ತೆರೆದು ನೋಡಿದ್ದು ತಡವಾಗಿ, ಅಕ್ಕ ಹೋದ ಮೇಲೆ.

ಅಕ್ಕನನ್ನು ಕೊಟ್ಟದ್ದು ರಾಮದುರ್ಗದ ಕಡೆಯ ಸಾಲಹಳ್ಳಿಗೆ. ಹೊಟ್ಟೆಯ ಬೇನೆ ಹೆಚ್ಚಾಗಿ ಡಾಕ್ಟರು ಕೈಚೆಲ್ಲಿದ ಮೇಲೆ, "ತಂಗಿ ಹತ್ರ ಇರತೇನಿ" ಎಂದು ಬೈಲಹೊಂಗಲದ ನಮ್ಮ ಮನೆಗೆ ಬಂದಳು. ಹಿತ್ತಲ ಬಾಗಿಲ ಹತ್ತಿರ ಅವಳಿಗೆ ಮಂಚ ಹಾಕಿಸಿದೆ. ಎದುರಿಗೇ ಹೀರೆಬಳ್ಳಿಯ ಹಂದರ.

ನಮ್ಮ ತವರು ಸಂಪಗಾಂವದ ಮನೆಯಲ್ಲಿ ಒಂದು ರೂಢಿ. ಬಳ್ಳಿಯಲ್ಲಿ ಚೆಂದದ ಕಾಯಿಯೊಂದನ್ನು ಆರಿಸಿ ತೊಟ್ಟಿಗೆ ಕೆಂಪು ದಾರ ಕಟ್ಟುತ್ತಿದ್ದರು. ಅದು ಬೀಜಕ್ಕೆ, ಯಾರೂ ಕೊಯ್ಯುವಂತಿಲ್ಲ. ಚಿಕ್ಕವಳಿದ್ದಾಗ ಅಂಥದ್ದೊಂದನ್ನು ಕಿತ್ತು ಅಕ್ಕನಿಂದ ಬೆನ್ನಿಗೆ ಗುದ್ದು ತಿಂದಿದ್ದೆ.

ವಾರದಿಂದ ಏನೂ ಬೇಡ ಎನ್ನುತ್ತಿದ್ದ ಅಕ್ಕ ಒಂದು ಮುಂಜಾನೆ ಹಂದರ ನೋಡುತ್ತ ಅಂದಳು, "ಹೀರೀಕಾಯಿ ಪಲ್ಯಾ ತಿನ್ನಬೇಕು ಅನಸಾಕತ್ತೈತಿ."

ಹಂದರದಲ್ಲಿ ಉಳಿದದ್ದು ಒಂದೇ ಕಾಯಿ. ಇನ್ನೂ ಎಳೆಯದು, ಪಲ್ಯಕ್ಕೆ ಹೇಳಿ ಮಾಡಿಸಿದಂತಿತ್ತು. ಹಿಂದಿನ ದಿನವಷ್ಟೇ ಅದಕ್ಕೆ ದಾರ ಕಟ್ಟಿದ್ದೆ.

"ಅದು ಬೀಜಕ್ಕ ಬಿಟ್ಟದ್ದು ಅಕ್ಕಾ. ಇಂಥಾದ್ದ ಹರದೆ ಅಂತ ಅಲ್ಲೇನು ನನ್ನ ಬೆನ್ನಿಗೆ ಗುದ್ದಿದ್ದಿ? ಮರತೇನು?" ಎಂದು ನಗಿಸಲು ನೋಡಿದೆ. "ಸಂತಿ ದಿನ ತಂದು ಮಾಡಿ ಕೊಡತೇನಿ."

ಅವಳು ನಕ್ಕಳು. "ಹೌದು ನೋಡು. ಬೀಜದ ಕಾಯಿ ಹರೀಬಾರದು. ಇರಲಿ ಬಿಡು."

ಸಂತೆಯ ದಿನ ಬಂದಾಗ ಅವಳಿಗೆ ನೀರೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೂ ಪಲ್ಯ ಮಾಡಿದೆ. ಒಗ್ಗರಣೆಯ ವಾಸನೆಗೆ ಕಣ್ಣು ತೆರೆದಳು, ಅಷ್ಟೇ. ಮೂರನೆಯ ದಿನ ಹೋದಳು.

ದೀಪಾವಳಿ ಕಳೆದ ಮೇಲೆ ಒಣಗಿದ ಬಳ್ಳಿಯನ್ನು ಕಿತ್ತು ಹಾಕಲು ಹೋದೆ. ಅದರ ಒಂದು ಕುಡಿ ಹಂದರ ದಾಟಿ ಬೇವಿನ ಮರ ಹತ್ತಿತ್ತು. ಅಲ್ಲಿ, ಎಲೆಗಳ ಮರೆಯಲ್ಲಿ, ನಾನು ಕಾಣದ ಇನ್ನೊಂದು ಕಾಯಿ ಬಲಿತು ಒಣಗಿ ನೇತಾಡುತ್ತಿತ್ತು. ತುದಿಯಲ್ಲಿ ಪುಟ್ಟ ಮುಚ್ಚಳವೊಂದು ತಾನಾಗಿಯೇ ಕಳಚಿ ಬಿದ್ದಿತ್ತು, ಡಬ್ಬಿ ತೆರೆದಷ್ಟು ನೀಟಾಗಿ. ಗಾಳಿಗೆ ಅದು ತೂಗಿದಾಗಲೆಲ್ಲ ಒಂದೊಂದು ಕಪ್ಪು ಬೀಜ ನೆಲಕ್ಕೆ ಉದುರುತ್ತಿತ್ತು. ಇಷ್ಟು ವರ್ಷ ಹೀರೆ ಬೆಳೆದರೂ ಅದಕ್ಕೊಂದು ಮುಚ್ಚಳವಿದೆ ಎಂದು ನನಗೆ ಗೊತ್ತಿರಲಿಲ್ಲ. ನಾವು ಯಾವಾಗಲೂ ಕೊಯ್ದು ತಂದು ಒಳಗೆ ಒಣಗಿಸುವವರು. ಬೆರಗಾಗಿ ನೋಡುತ್ತ ನಿಂತೆ. ಆಮೇಲೆ ಅಲ್ಲೇ ಮಣ್ಣಲ್ಲಿ ಕುಳಿತು ಜೋರಾಗಿ ಅತ್ತುಬಿಟ್ಟೆ. ಬಳ್ಳಿಗೆ ನನ್ನ ದಾರ ಬೇಕೇ ಇರಲಿಲ್ಲ.

ಈಗ ಪ್ರತಿ ಮಳೆಗಾಲ ಬೇವಿನ ಬುಡದಲ್ಲಿ ಹೀರೆ ತಾನಾಗಿ ಹುಟ್ಟುತ್ತದೆ. ದಾರ ಕಟ್ಟುವುದನ್ನು ಬಿಟ್ಟಿದ್ದೇನೆ. ಓಣಿಯವರು ಕೇಳಿದರೆ ಕೊಯ್ದು ಕೊಡುತ್ತೇನೆ, ಕೇಳದವರಿಗೂ ಕೊಡುತ್ತೇನೆ. ಅಕ್ಕ ಕೇಳಿದ್ದು ಒಂದೇ ಒಂದು ಕಾಯಿ.